ಎಚ್‌ಐವಿಯಲ್ಲಿ ಆಂಟಿಬಾಡಿ ಏರುತ್ತಾ, ಇಳಿಯುತ್ತಾ? ಬಿ ಕೋಶದಿಂದ ರ‍್ಯಾಪಿಡ್ ಕಿಟ್ಟಿನ ಗೆರೆಯವರೆಗೆ

ಡಿಎಂಎಲ್‌ಟಿ_ದಾವಣಗೆರೆ

ಮೇಷ್ಟ್ರೇ, ಅಕ್ಕಂದಿರೇ, ಒಂದು ಗೊಂದಲ ಬಿಡಿಸಿಕೊಡಿ. ಎಚ್‌ಐವಿ ಇರುವವರ ರಕ್ತದಲ್ಲಿ ಇಮ್ಯುನೊಗ್ಲೋಬ್ಯುಲಿನ್, ಅಂದ್ರೆ ಆಂಟಿಬಾಡಿ, ಹೆಚ್ಚಾಗುತ್ತೆ ಅಂತ ಪಾಠದಲ್ಲಿದೆ. ಅದೇ ಪಾಠದ ಮುಂದಿನ ಪುಟದಲ್ಲಿ ಲಸಿಕೆಯಿಂದ ಬಂದ ಆಂಟಿಬಾಡಿ ಇಳಿಯುತ್ತೆ ಅಂತಿದೆ. ಎರಡೂ ಒಟ್ಟಿಗೆ ಹೇಗೆ ನಿಜ? ಮತ್ತೆ, ಇಳಿಯೋದೇ ಆದ್ರೆ ಕೊನೆ ಹಂತದ ರೋಗಿ ರ‍್ಯಾಪಿಡ್ ಕಿಟ್ಟಿನಲ್ಲಿ ನೆಗೆಟಿವ್ ಬಂದುಬಿಡಬಹುದಾ?

ಮೈಕ್ರೋ_ಮೇಷ್ಟ್ರು

ಎರಡೂ ನಿಜ. ಒಂದು ಪುಟ ಹೇಳ್ತಿರೋದು ಒಟ್ಟು ಐಜಿಜಿ (ರಕ್ತದಲ್ಲಿ ಅತಿ ಹೆಚ್ಚಿರೋ ಬಗೆಯ ಆಂಟಿಬಾಡಿ) ಲೆಕ್ಕ. ಇನ್ನೊಂದು ದಡಾರಕ್ಕೆ, ಧನುರ್ವಾಯುಗೆ, ಹೆಪಟೈಟಿಸ್ ಬಿಗೆ ಅಂತ ಗುರಿ ಇಟ್ಟುಕೊಂಡ ಐಜಿಜಿ ಲೆಕ್ಕ. ಸಂತೆಯಲ್ಲಿ ಜನ ಕಿಕ್ಕಿರಿದಿದ್ದರೂ ನಮಗೆ ಬೇಕಾದವರು ಸಿಗದೇ ಇರಬಹುದಲ್ಲ, ಹಾಗೆ.

ಮೊದಲು ಮಾಮೂಲಿ ದಾರಿ ನೋಡೋಣ. ಆಂಟಿಬಾಡಿ ಮಾಡೋ ಬಿಳಿ ರಕ್ತಕಣ ಬಿ ಕೋಶ. ಅದು ಹುಟ್ಟೋದು ಅಸ್ಥಿಮಜ್ಜೆಯಲ್ಲಿ. ಅಲ್ಲಿಂದ ದುಗ್ಧಗ್ರಂಥಿಗೋ (ಲಿಂಫ್ ನೋಡ್) ಗುಲ್ಮಕ್ಕೋ ಹೋಗಿ ತನಗೆ ಹೊಂದುವ ಪ್ರತಿಜನಕ (ಆಂಟಿಬಾಡಿ ಗುರಿಯಿಡೋ ರೋಗಾಣುವಿನ ಅಂಶ) ಸಿಕ್ಕರೆ ಅಲ್ಲಿನ ತರಬೇತಿ ಜಾಗವಾದ ಜರ್ಮಿನಲ್ ಸೆಂಟರ್ ಒಳಗೆ ಇಳಿಯುತ್ತೆ. ಅಲ್ಲಿ ಅದಕ್ಕೆ ಫಾಲಿಕ್ಯುಲರ್ ಹೆಲ್ಪರ್ ಟಿ ಕೋಶದ ಒತ್ತಾಸೆ ಬೇಕೇ ಬೇಕು. ಈ ಟಿ ಕೋಶವೂ ಮೈಮೇಲೆ ಸಿಡಿ4 ಅನ್ನೋ ಪ್ರೋಟೀನ್ ಇರುವಂಥದ್ದೇ, ವೈರಸ್ ಹುಡುಕಿಕೊಂಡು ಬರೋದೂ ಅದನ್ನೇ. ಒತ್ತಾಸೆ ಸಿಕ್ಕ ಬಿ ಕೋಶ ವಿಭಜನೆಯಾಗ್ತಾ ಆಂಟಿಬಾಡಿ ಜೀನಿನಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡ್ಕೊಂಡು ಹಿಡಿತ ಬಿಗಿ ಮಾಡ್ಕೊಳ್ಳುತ್ತೆ. ಹೊರಗೆ ಬರುವಾಗ ಎರಡು ಕವಲು. ಒಂದು ನೆನಪಿನ ಬಿ ಕೋಶ. ಅದು ಸ್ರವಿಸೋದಿಲ್ಲ, ಕಾಯ್ತಾ ಇರುತ್ತೆ. ಇನ್ನೊಂದು ಪ್ಲಾಸ್ಮಾ ಕೋಶ. ಇದರಲ್ಲಿ ಅದೃಷ್ಟವಂತ ಕೆಲವು ಅಸ್ಥಿಮಜ್ಜೆಗೆ ವಾಪಸ್ ಹೋಗಿ ವರ್ಷಗಟ್ಟಲೆ ಕೂತು, ಸೆಕೆಂಡಿಗೆ ಸಾವಿರಾರು ಆಂಟಿಬಾಡಿ ಅಣು ಹೊರಗೆ ಬಿಡ್ತಾ ಇರ್ತವೆ.

ಲೆಕ್ಕದ ಮಾತು ಒಂದು ನೆನಪಿಟ್ಕೊಳ್ಳಿ. ಐಜಿಜಿಯ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯೋ ಕಾಲ) ಸುಮಾರು 21 ದಿನ. ಉತ್ಪಾದನೆ ಇವತ್ತೇ ನಿಂತರೆ 84 ದಿನಕ್ಕೆ ಹದಿನಾರನೇ ಒಂದು ಪಾಲು ಉಳಿಯುತ್ತೆ. ಚಿಕ್ಕಂದಿನ ಲಸಿಕೆಯ ಆಂಟಿಬಾಡಿ 30 ವರ್ಷದ ಮೇಲೂ ಸಿಗ್ತಿದೆ ಅಂದ್ರೆ ಅದು ಹಳೇ ದಾಸ್ತಾನಲ್ಲ, ಈ ವಾರ ತಯಾರಾದ ಮಾಲು.

ಚಳ್ಳಕೆರೆ_ಶೇಂಗಾ

ಮೇಷ್ಟ್ರೇ, ನಮ್ಮ ಕಡೆ ಭಾಷೆಲಿ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಪ್ಲಾಸ್ಮಾ ಕೋಶ ಅಂದ್ರೆ ಹೊಲದಲ್ಲಿ ನಿಂತಿರೋ ಬೆಳೆ. ನೆನಪಿನ ಬಿ ಕೋಶ ಅಂದ್ರೆ ಮುಂದಿನ ಮುಂಗಾರಿಗೆ ಎತ್ತಿಟ್ಟ ಬಿತ್ತನೆ ಶೇಂಗಾ. ಎಚ್‌ಐವಿ ಏನ್ ಮಾಡ್ತೈತೆ ಅಂದ್ರೆ ಬಿತ್ತನೆ ಚೀಲಾನೂ ಬಿಚ್ಚಿಸಿ ಗಾಣಕ್ಕೆ ಹಾಕಿಸ್ತೈತೆ. ಒಂದಷ್ಟು ದಿನ ಎಣ್ಣೆ ಹೊಳೆಯಾಗಿ ಹರೀತೈತೆ, ಮುಂದಿನ ವರ್ಷ ಬಿತ್ತಕ್ಕೆ ಬೀಜ ಇಲ್ಲ.

ಮೈಕ್ರೋ_ಮೇಷ್ಟ್ರು

ಪಾಠಕ್ಕೆ ಎತ್ತಿಕೊಳ್ಳೋ ಹಾಗಿದೆ. ಒಂದೇ ತಿದ್ದುಪಡಿ: ಆ ಎಣ್ಣೆ ಬಹುಪಾಲು ಶೇಂಗಾದ್ದೂ ಅಲ್ಲ, ಏನೇನೋ ಕಾಳಿಂದು. ವೈರಸ್ಸಿಗೆ ಸಂಬಂಧವೇ ಇಲ್ಲದ ಬಿ ಕೋಶಗಳೂ ಗೊತ್ತುಗುರಿಯಿಲ್ಲದೆ ಕೆರಳ್ತವೆ. ಪಾಲಿಕ್ಲೋನಲ್ ಆಕ್ಟಿವೇಶನ್ ಅನ್ನೋದು ಇದನ್ನೇ. ಲೇನ್, ಫೌಚಿ ಮತ್ತು ಸಂಗಡಿಗರು 1983ರಲ್ಲೇ ಬರೆದಿದ್ದಾರೆ: ಏಡ್ಸ್ ರೋಗಿಗಳ ಬಿ ಕೋಶಗಳು ತಾವಾಗೇ ಇಮ್ಯುನೊಗ್ಲೋಬ್ಯುಲಿನ್ ಸುರೀತಿದ್ದವು, ಹೊಸ ಪ್ರತಿಜನಕ ಕೊಟ್ಟರೆ ಮಾತ್ರ ಸರಿಯಾಗಿ ಸ್ಪಂದಿಸ್ತಿರಲಿಲ್ಲ. ವೈರಸ್ಸನ್ನೇ ಇನ್ನೂ ಸರಿಯಾಗಿ ಗುರುತಿಸುತ್ತಿದ್ದ ಕಾಲ ಅದು.

ಪಿಬಿ_ರೋಡ್_ಲ್ಯಾಬ್

ಇದು ನಮ್ಮ ಬೆಂಚಿನ ಮೇಲೆ ಹೆಂಗೆ ಕಾಣ್ತತಿ ಅಂತ ಹೇಳ್ತೀನಿ, ಹುಡುಗ್ರಿಗೆ ಬೇಕಾಗೋದು ಅದು.

ಎಲ್‌ಎಫ್‌ಟಿ (ಲಿವರ್ ಟೆಸ್ಟ್) ರಿಪೋರ್ಟಿನಾಗ ಗ್ಲೋಬ್ಯುಲಿನ್ ನೋಡ್ರಿ, ಆಂಟಿಬಾಡಿನೂ ಅದರಾಗೇ ಸೇರ್ತತಿ. ಸಾಮಾನ್ಯವಾಗಿ ಡೆಸಿಲೀಟರಿಗೆ 2ರಿಂದ 3.5 ಗ್ರಾಂ. ಚಿಕಿತ್ಸೆ ಸಿಗದ ಎಚ್‌ಐವಿಯಲ್ಲಿ 4, 5 ದಾಟಬಹುದು, ಅಲ್ಬುಮಿನ್ ಕೆಳಗೆ ಇರ್ತತಿ, ಎ-ಜಿ (ಅಲ್ಬುಮಿನ್-ಗ್ಲೋಬ್ಯುಲಿನ್) ಅನುಪಾತ ತಲೆಕೆಳಗು. ಸ್ಮಿಯರ್ (ಗಾಜಿನ ಮ್ಯಾಲೆ ಸವರಿದ ರಕ್ತ) ಹಾಕಿದ್ರೆ ಕೆಂಪು ಕಣ ನಾಣ್ಯ ಪೇರಿಸಿದಂಗೆ ಸಾಲಾಗಿ ಅಂಟಿಕೊಂಡಿರ್ತಾವು, ಅದೇ ರೂಲೋ. ಲೀಶ್‌ಮನ್ ಬಣ್ಣ ಹಾಕಿದ ಮೇಲೆ ಹಿನ್ನೆಲೆ ನೀಲಿ ಛಾಯೆ ಹೊಡೀತತಿ. ಇಎಸ್‌ಆರ್ (ಕೆಂಪು ಕಣ ತಳಕ್ಕಿಳಿಯೋ ವೇಗ) ಏರಿರ್ತತಿ. ಇಷ್ಟು ಕಂಡ ತಕ್ಷಣ ಎಚ್‌ಐವಿ ಅಂತ ಬರೀಬ್ಯಾಡ್ರಿ. ಹಳೇ ಲಿವರ್ ಕಾಯಿಲೆ, ಟಿಬಿ, ಲೂಪಸ್ಸಿನಂಥ ಕಾಯಿಲೆ ಇದ್ದರೂ ಹಿಂಗೇ. ಎಲೆಕ್ಟ್ರೊಫೊರೆಸಿಸ್ (ಪ್ರೋಟೀನ್ ವಿಂಗಡಿಸೋ ಟೆಸ್ಟ್) ಮಾಡಿದ್ರೆ ಆಂಟಿಬಾಡಿ ಇರೋ ಗಾಮಾ ಭಾಗ ಅಗಲವಾದ ದಿಬ್ಬ ಆಗಿರ್ತತಿ. ಚೂಪಾದ ಶಿಖರ ಒಂದೇ ಎದ್ದರೆ ಅದು ಮೈಲೋಮ (ಪ್ಲಾಸ್ಮಾ ಕೋಶದ ಕ್ಯಾನ್ಸರ್) ಕಡೆ ನೋಡಬೇಕಾದ ಮಾತು.

ಬೆರಕೆ ಆಂಟಿಬಾಡಿ ಜಾಸ್ತಿ ಇದ್ದಾಗ ಬೇರೆ ಟೆಸ್ಟುಗಳೂ ಹಾದಿ ತಪ್ತಾವು. ಸಿಫಿಲಿಸ್ ಹುಡುಕೋ ವಿಡಿಆರ್‌ಎಲ್ ಕಡಿಮೆ ಟೈಟರಿನಲ್ಲಿ ಸುಮ್ಮಸುಮ್ಮನೆ ರಿಯಾಕ್ಟಿವ್ ಬರ್ತತಿ, ಖಚಿತಪಡಿಸೋ ಟಿಪಿಎಚ್‌ಎ ಟೆಸ್ಟ್ ಹಾಕದೆ ಸಿಫಿಲಿಸ್ ಅನ್ನಬಾರದು. ಉಲ್ಟಾನೂ ಐತಿ. ನಿಜವಾದ ಸಿಫಿಲಿಸ್ ಇದ್ದು ಆಂಟಿಬಾಡಿ ವಿಪರೀತ ಇದ್ದರೆ ಪ್ರೋಜೋನ್ ಆಗಿ ನೀರು ಬೆರೆಸದ ಸೀರಂ ನಾನ್ ರಿಯಾಕ್ಟಿವ್ ಕಾಣ್ತತಿ. ಅನುಮಾನ ಇದ್ದ ಕೇಸಿನಾಗ 1:16ವರೆಗೆ ತೆಳು ಮಾಡಿ ನೋಡ್ರಿ.

ಡಿಎಂಎಲ್‌ಟಿ_ದಾವಣಗೆರೆ

ಹಾಗಾದ್ರೆ ವೈರಸ್ ಬಿ ಕೋಶದ ಒಳಗೂ ಹೋಗಿ ಕೂರುತ್ತಾ?

ಮೈಕ್ರೋ_ಮೇಷ್ಟ್ರು

ಇಲ್ಲ. ಒಳಗೆ ಹೋಗೋಕೆ ಸಿಡಿ4 ಬೇಕು, ಬಿ ಕೋಶದಲ್ಲಿ ಆ ಬಾಗಿಲಿಲ್ಲ. ಕಾಂಪ್ಲಿಮೆಂಟ್ (ರಕ್ತದ ರಕ್ಷಣಾ ಪ್ರೋಟೀನ್) ಮೆತ್ತಿಕೊಂಡ ವೈರಸ್ ಬಿ ಕೋಶದ ಸಿಡಿ21 ಗ್ರಾಹಕದ ಮೇಲೆ ಅಂಟಿಕೊಂಡು ಸವಾರಿ ಮಾಡುತ್ತೆ, ಅಷ್ಟೇ. ಹಾನಿ ಬರೋದು ಸುತ್ತುಬಳಸಿ. ಸೋಂಕು ತಗುಲಿದ ಮೇಲೆ ಕರುಳಿನ ಗೋಡೆಯ ಸಿಡಿ4 ಕೋಶಗಳು ಬೇಗ ಖಾಲಿಯಾಗ್ತವೆ, ಗೋಡೆ ಸೋರುತ್ತೆ, ಬ್ಯಾಕ್ಟೀರಿಯಾದ ತುಣುಕುಗಳು ರಕ್ತಕ್ಕೆ ಬಂದು ರೋಗನಿರೋಧಕ ವ್ಯವಸ್ಥೆಯನ್ನ ಹಗಲೂ ರಾತ್ರಿ ಕುಟುಕ್ತಿರ್ತವೆ. ದುಗ್ಧಗ್ರಂಥಿಯಲ್ಲಿ ಪ್ರತಿಜನಕ ಹಿಡಿದುಕೊಂಡು ಬಿ ಕೋಶಕ್ಕೆ ತೋರಿಸುವ ಫಾಲಿಕ್ಯುಲರ್ ಡೆಂಡ್ರಿಟಿಕ್ ಕೋಶಗಳ ಬಲೆ ಕ್ರಮೇಣ ಹರಿದುಹೋಗುತ್ತೆ, ಜಾಗದಲ್ಲಿ ನಾರು ತುಂಬುತ್ತೆ. ಹೆಲ್ಪರ್ ಟಿ ಕೋಶಗಳ ಕಥೆ ಇನ್ನೂ ವಿಚಿತ್ರ. ಮಧ್ಯದ ವರ್ಷಗಳಲ್ಲಿ ಫಾಲಿಕಲ್ (ಗ್ರಂಥಿಯೊಳಗೆ ಬಿ ಕೋಶ ಸೇರೋ ಜಾಗ) ಒಳಗೆ ಅವು ಕಡಿಮೆಯಾಗೋದಿರಲಿ, ಬಹಳ ಜನರಲ್ಲಿ ಜಾಸ್ತಿಯೇ ಕಾಣ್ತವೆ. ಕೆಲಸ ಮಾತ್ರ ಸರಿಯಾಗಿ ಮಾಡೋಲ್ಲ, ಜೊತೆಗೆ ವೈರಸ್ ಅಡಗುವ ಗೂಡೂ ಆಗ್ತವೆ. ಎಣಿಕೆ ನೋಡಿ ಮೋಸ ಹೋಗೋಕೆ ಇದೂ ಒಂದು ಜಾಗ.

ಕೋಟೆ_ಕೆಳಗೆ

ಏಳು ಸುತ್ತಿನ ಕೋಟೆ, ಕಿಂಡಿ, ಒನಕೆ ಅಂತ ಇನ್ನೂ ಯಾರೂ ಬರೆದಿಲ್ಲ, ಚಿತ್ರದುರ್ಗದವರಿರೋ ಚರ್ಚೆಯಲ್ಲಿ ಇದು ದಾಖಲೆ.

ಮೇಷ್ಟ್ರು ಬಿಟ್ಟದ್ದು ಸೇರಿಸ್ತೀನಿ. ಫ್ಲೋ ಸೈಟೊಮೆಟ್ರಿಯಲ್ಲಿ (ಮೈಮೇಲಿನ ಗುರುತು ನೋಡಿ ಕೋಶ ಎಣಿಸೋ ವಿಧಾನ) ಬಿ ಕೋಶವನ್ನ ಸಿಡಿ19 ಇಟ್ಟು ಹಿಡೀತೀವಿ. ಆಮೇಲೆ ಸಿಡಿ21, ಸಿಡಿ27, ಸಿಡಿ10 ಇಟ್ಟು ವಿಂಗಡಿಸಿದರೆ ನಾಲ್ಕೈದು ಗುಂಪು. ಸಿಡಿ21, ಸಿಡಿ27 ಎರಡೂ ಚೆನ್ನಾಗಿರೋದು ಸುಮ್ಮನೆ ಕೂತ ನೆನಪಿನ ಕೋಶ, ಚಳ್ಳಕೆರೆಯವರ ಬಿತ್ತನೆ ಬೀಜ. ಎಚ್‌ಐವಿಯಲ್ಲಿ ಇದೇ ಕರಗೋದು. ಬದಲಿಗೆ ಮೂರು ಗುಂಪು ಉಬ್ಬುತ್ತೆ. ಸಿಡಿ21 ಕಮ್ಮಿ, ಸಿಡಿ27 ಇರೋದು: ಕೆರಳಿದ ನೆನಪಿನ ಕೋಶ, ಬೇಗ ಸಾಯುತ್ತೆ. ಎರಡೂ ಕಮ್ಮಿ ಇರೋದು: ಟಿಷ್ಯೂ ಲೈಕ್ ಮೆಮೊರಿ ಅಂತಾರೆ, ದಣಿದು ಕೂತದ್ದು, ಪ್ರತಿಜನಕ ತೋರಿಸಿದರೂ ಏಳೋಲ್ಲ. ಮೂರನೇದು ಸಿಡಿ10 ಇರುವ ಎಳಸು ಕೋಶ. ಸಿಡಿ4 ಕಡಿಮೆಯಾದಾಗ ಐಎಲ್-7 ಅನ್ನೋ ಸಂಕೇತದ ಪ್ರೋಟೀನ್ ಏರುತ್ತಲ್ಲ, ಅದರ ಜೊತೆಜೊತೆಗೇ ಇವೂ ರಕ್ತಕ್ಕೆ ಜಾಸ್ತಿ ಬರ್ತವೆ.

ಎಆರ್‌ಟಿ, ಅಂದ್ರೆ ವೈರಸ್ ಅಮುಕೋ ಚಿಕಿತ್ಸೆ, ಹಿಡಿದ ಮೇಲೆ ಎಳಸು ಕೋಶ, ಕೆರಳಿದ ಕೋಶ ಇಳೀತವೆ, ಗ್ಲೋಬ್ಯುಲಿನ್ ಕೂಡ ನಿಧಾನಕ್ಕೆ ಇಳಿಯುತ್ತೆ. ಬಿತ್ತನೆ ಬೀಜ ಮಾತ್ರ ತಡವಾಗಿ ಚಿಕಿತ್ಸೆ ಹಿಡಿದವರಲ್ಲಿ ಪೂರ್ತಿ ತುಂಬೋದಿಲ್ಲ. ಸೋಂಕಿನ ಮೊದಲ ತಿಂಗಳುಗಳಲ್ಲೇ ಶುರು ಮಾಡಿದವರಲ್ಲಿ ಎಷ್ಟೋ ವಾಸಿ. ನಮ್ಮಲ್ಲಿ 2017ರಿಂದ ಸಿಡಿ4 ಎಷ್ಟಿದ್ದರೂ ಪತ್ತೆಯಾದ ಕೂಡಲೇ ಚಿಕಿತ್ಸೆ ಅನ್ನೋ ನೀತಿ ಇದೆ, ಬಿ ಕೋಶದ ಕಡೆಯಿಂದ ನೋಡಿದರೂ ಅದು ಸರಿ.

ಇನ್ನೊಂದು ಸೂಕ್ಷ್ಮ. ಐಜಿಜಿಗೆ 21 ದಿನದ ಅರ್ಧಾಯುಷ್ಯ ಬರೋದು ಎಫ್‌ಸಿಆರ್‌ಎನ್ ಅನ್ನೋ ಗ್ರಾಹಕ ಅದನ್ನ ಕೋಶದೊಳಗೆ ಜೀರ್ಣವಾಗದಂತೆ ಎತ್ತಿ ವಾಪಸ್ ರಕ್ತಕ್ಕೆ ಬಿಡೋದ್ರಿಂದ. ಗ್ರಾಹಕದ ಸಂಖ್ಯೆಗೆ ಮಿತಿ ಇದೆ. ಬೆರಕೆ ಐಜಿಜಿ ತುಂಬಿ ತುಳುಕಿದರೆ ಬಸ್ಸಿನಲ್ಲಿ ಸೀಟು ಸಿಗದ ಹಾಗೆ ಒಳ್ಳೆ ಐಜಿಜಿಯೂ ಕೆಳಗೇ ಉಳಿದು ಬೇಗ ಒಡೆದುಹೋಗುತ್ತೆ. ಅಂದ್ರೆ ಒಟ್ಟು ಐಜಿಜಿ ಏರೋದೇ ಒಂದೊಂದು ಗುರಿಯ ಐಜಿಜಿ ಇಳಿಯೋಕೆ ಒಂದು ಕಾರಣ. ತಮ್ಮಾ, ನಿನ್ನ ಎರಡು ಪುಟ ಇಲ್ಲಿ ಒಂದಾಗ್ತವೆ.

ಹಿರಿಯೂರು_ಕೌನ್ಸೆಲರ್

ಈಗ ನನ್ನ ಟೇಬಲ್ಲಿಗೆ ಬರೋ ಪ್ರಶ್ನೆ. ಎಆರ್‌ಟಿ ಮೇಲೆ ಹಲವು ವರ್ಷ ಇರುವವರು ಹೊರಗಡೆ ಲ್ಯಾಬಿನಲ್ಲಿ ಮತ್ತೆ ಟೆಸ್ಟ್ ಮಾಡಿಸ್ತಾರೆ. ಗೆರೆ ಮಸುಕಾಗಿದೆ, ವೈರಸ್ ಹೋಗ್ತಿದೆ, ಮಾತ್ರೆ ಬಿಡಬಹುದಾ ಅಂತಾರೆ. ಇದಕ್ಕೆ ಜನರಿಗೆ ತಿಳಿಯೋ ಹಾಗೆ, ಆದರೆ ಸುಳ್ಳಾಗದ ಹಾಗೆ ಏನು ಹೇಳೋದು?

ಮೈಕ್ರೋ_ಮೇಷ್ಟ್ರು

ಮೇಡಂ, ಮೂರು ವಾಕ್ಯ ಸಾಕು. ಈ ಕಿಟ್ ವೈರಸ್ಸನ್ನ ನೋಡೋದಿಲ್ಲ, ವೈರಸ್ ಕಂಡು ದೇಹ ಮಾಡಿದ ಆಂಟಿಬಾಡಿ ನೋಡುತ್ತೆ. ಮಾತ್ರೆಯಿಂದ ವೈರಸ್ ತಗ್ಗಿದಾಗ ಆಂಟಿಬಾಡಿ ಮಾಡೋಕೆ ಪ್ರಚೋದನೆ ಕಮ್ಮಿಯಾಗುತ್ತೆ, ಅದಕ್ಕೇ ಗೆರೆ ಸಣ್ಣದಾಗಬಹುದು. ವೈರಸ್ಸಿನ ಜೀನ್ ಮಾತ್ರ ಸಿಡಿ4 ಕೋಶದ ಡಿಎನ್‌ಎ ಒಳಗೆ ಸೇರಿಕೊಂಡು ಮಲಗಿರುತ್ತೆ, ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಏಳುತ್ತೆ.

ಅದಕ್ಕೇ ಖಚಿತಪಡಿಸುವ ಟೆಸ್ಟ್ ಎಲ್ಲಾ ಎಆರ್‌ಟಿ ಶುರು ಮಾಡೋ ಮೊದಲು ಮುಗಿಸಬೇಕು. ಶುರುವಾದ ಮೇಲೆ ಆಂಟಿಬಾಡಿ ಟೆಸ್ಟ್ ಮರುಮಾಡೋದಕ್ಕೆ ಅರ್ಥವಿಲ್ಲ. ಚಿಕಿತ್ಸೆ ಹೇಗೆ ನಡೀತಿದೆ ಅಂತ ತಿಳಿಯೋದು ವೈರಲ್ ಲೋಡಿನಿಂದ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಅಳತೆ): 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ಪಿಬಿ_ರೋಡ್_ಲ್ಯಾಬ್

ಮಸುಕು ಗೆರೆ ಅಂದ ಕೂಡಲೇ ಬಿ ಕೋಶದ ತಲೆಗೆ ಕಟ್ಟಬ್ಯಾಡ್ರಿ. ಬಹಳ ಸಲ ತಪ್ಪು ಬೆಂಚಿನ ಮ್ಯಾಲೇ ಇರ್ತತಿ.

ಫ್ರಿಜ್ಜಿನಿಂದ ತೆಗೆದ ಕಿಟ್ ಚೀಲ ತಣ್ಣಗಿದ್ದಾಗಲೇ ಒಡೆದ್ರೆ ಪಟ್ಟಿ ಮ್ಯಾಲೆ ತೇವ ಕೂರ್ತತಿ. ಮೊದಲು ಕೋಣೆಯ ಬಿಸಿಗೆ ಬರಲಿ. ಸೀರಂ ಹನಿ ಕಮ್ಮಿ ಬಿದ್ದರೆ ಗೆರೆ ಮಸುಕು. ಬೇರೆ ಕಿಟ್ಟಿನ ಬಫರ್ ಹಾಕಿದ್ರೆ ಫಲಿತಾಂಶಕ್ಕೆ ಬೆಲೆನೇ ಇಲ್ಲ, ಲಾಟ್ ನಂಬರ್ ಕೂಡ ತಾಳೆ ನೋಡ್ರಿ. ಓದೋ ಸಮಯ ಪೊಟ್ಟಣದ ಚೀಟಿನಾಗ ಬರೆದದ್ದು, ಟೈಮರ್ ಇಡ್ರಿ. ಮಾರ್ಚ್, ಏಪ್ರಿಲ್ ತಿಂಗಳ ನಮ್ಮೂರ ಬಿಸಿಲಿಗೆ ಫ್ಯಾನ್ ಕೆಳಗೆ ಇಟ್ಟ ಪಟ್ಟಿ ಬೇಗ ಒಣಗಿ, ಸಮಯ ಮೀರಿದ ಮ್ಯಾಲೆ ಇಲ್ಲದ ಗೆರೆ ಮೂಡಿಸ್ತತಿ. ಸಮಯದೊಳಗೆ ಮೂಡಿದ ಗೆರೆ ಎಷ್ಟೇ ಮಸುಕಾಗಿರಲಿ ರಿಯಾಕ್ಟಿವ್ ಅಂತಲೇ ಓದಬೇಕು, ಕಂಟ್ರೋಲ್ ಗೆರೆ ಇಲ್ಲ ಅಂದ್ರೆ ಟೆಸ್ಟ್ ಅಮಾನ್ಯ. ‘ವೀಕ್ ಪಾಸಿಟಿವ್’ ಅಂತ ರಿಪೋರ್ಟಿನಾಗ ಬರೆದು ಜನರನ್ನ ಹೆದರಿಸೋ ಚಾಳಿ ಬಿಡ್ರಿ.

ಲಕ್ಷಣ ಇಲ್ಲದವರಿಗೆ ಪಾಸಿಟಿವ್ ಅನ್ನಬೇಕಾದ್ರೆ ಬೇರೆ ಬೇರೆ ಪ್ರತಿಜನಕ ಅಥವಾ ಬೇರೆ ತತ್ವದ ಮೂರು ಕಿಟ್ ಬೇಕು. ಒಂದೇ ಕಂಪನಿ ಕಿಟ್ ಮೂರು ಸಲ ಹಾಕಿದ್ರೆ ಒಂದೇ ತಪ್ಪನ್ನ ಮೂರು ಸಲ ಮಾಡಿದಂಗೆ. ಕಿಟ್ಟುಗಳು ಒಂದಕ್ಕೊಂದು ತಾಳೆಯಾಗದೆ ಇಂಡಿಟರ್ಮಿನೇಟ್ ಬಂದ್ರೆ 14ರಿಂದ 28 ದಿನ ಬಿಟ್ಟು ಹೊಸ ಸ್ಯಾಂಪಲ್.

ಡಿಎಂಎಲ್‌ಟಿ_ದಾವಣಗೆರೆ

ಕೊನೆ ಹಂತದ ಪ್ರಶ್ನೆ ಹಾಗೇ ಉಳೀತು ಸರ್.

ಕೋಟೆ_ಕೆಳಗೆ

ವೆಸ್ಟರ್ನ್ ಬ್ಲಾಟ್ ಪಟ್ಟಿ ಕಣ್ಣ ಮುಂದೆ ತಂದುಕೋ, ವೈರಸ್ಸಿನ ಒಂದೊಂದು ಪ್ರೋಟೀನಿನ ಆಂಟಿಬಾಡಿಗೂ ಒಂದೊಂದು ಗೆರೆ. ಹೊದಿಕೆಯ ಜಿಪಿ160, ಜಿಪಿ120, ಜಿಪಿ41. ತಿರುಳಿನ ಪಿ55, ಪಿ24, ಪಿ17. ಕಾಯಿಲೆ ಮುಂದುವರಿದ ಹಾಗೆ ಮೊದಲು ಸೊರಗೋದು ಪಿ24ರ ಆಂಟಿಬಾಡಿ. ಇದು 1980ರ ದಶಕದಿಂದಲೇ ಗೊತ್ತು, ವೈರಲ್ ಲೋಡ್ ಯಂತ್ರ ಬರೋ ಮೊದಲು ರೋಗ ಯಾವ ಕಡೆ ಹೋಗ್ತಿದೆ ಅಂತ ಊಹಿಸೋಕೆ ಇದನ್ನೇ ನೋಡ್ತಿದ್ರು. ಕಾರಣ ಎರಡು ಹೇಳ್ತಾರೆ. ಪಿ24ಕ್ಕೆ ಆಂಟಿಬಾಡಿ ಮಾಡೋಕೆ ಟಿ ಕೋಶದ ನೆರವಿನ ಅವಲಂಬನೆ ಹೆಚ್ಚು. ಜೊತೆಗೆ ವೈರಸ್ ಉಕ್ಕಿದಾಗ ಪಿ24 ಪ್ರತಿಜನಕ ಇರೋ ಆಂಟಿಬಾಡಿಯನ್ನ ಅಪ್ಪಿಕೊಂಡು ಕಾಂಪ್ಲೆಕ್ಸ್ ಮಾಡಿ ಅಳತೆಗೆ ಸಿಗದ ಹಾಗೆ ಮಾಡುತ್ತೆ.

ಜಿಪಿ41ರ ಆಂಟಿಬಾಡಿ ಮಾತ್ರ ಗಟ್ಟಿಪಿಂಡ, ಸಾಮಾನ್ಯವಾಗಿ ಕೊನೆವರೆಗೂ ಇರುತ್ತೆ. ರ‍್ಯಾಪಿಡ್ ಕಿಟ್ಟುಗಳಲ್ಲಿ ಜಿಪಿ41 ಪ್ರತಿಜನಕ ಇಟ್ಟಿರೋದ್ರಿಂದ ಕೊನೆ ಹಂತದಲ್ಲಿ ನೆಗೆಟಿವ್ ಬರೋದು ಬಹಳ ಅಪರೂಪ. ಅಪರೂಪ ಅಷ್ಟೇ, ಆಗೋದೇ ಇಲ್ಲ ಅಂತಲ್ಲ. ಬಾಯಲ್ಲಿ ಅಗ್ರ (ಬಿಳಿ ಶಿಲೀಂಧ್ರ), ತೂಕ ಇಳಿತ, ಕ್ರಿಪ್ಟೊಕಾಕಸ್ ಶಿಲೀಂಧ್ರದ ಸೋಂಕು ಇದ್ದು ಕಿಟ್ ನೆಗೆಟಿವ್ ಅಂದ್ರೆ ಫೋರ್ತ್ ಜನರೇಶನ್ ಎಲಿಸಾ (ಆಂಟಿಬಾಡಿ, ಪಿ24 ಎರಡೂ ಹುಡುಕೋ ಟೆಸ್ಟ್), ಅದರ ಮೇಲೆ ವೈರಲ್ ಲೋಡ್ ಕೇಳಬೇಕು.

ಆಂಟಿಬಾಡಿ ಬಲ ನೋಡಿ ಸೋಂಕು ಹೊಸದೋ ಹಳೇದೋ ಹೇಳುವ ಅವಿಡಿಟಿ ಟೆಸ್ಟ್‌ಗಳಿಗೂ ಇದೇ ತೊಡಕು. ಸಿಡಿ4 ಪಾತಾಳಕ್ಕೆ ಹೋದವರೂ, ಎಆರ್‌ಟಿ ಮೇಲಿರೋರೂ ಆಂಟಿಬಾಡಿ ಸೊರಗಿದ್ದಕ್ಕೆ ‘ಹೊಸ ಸೋಂಕು’ ಅಂತ ತಪ್ಪಾಗಿ ಎಣಿಕೆಯಾಗ್ತಾರೆ. ಅದಕ್ಕೇ ಜೊತೆಗೆ ವೈರಲ್ ಲೋಡ್ ಮಿಲಿಲೀಟರಿಗೆ 1000 ಪ್ರತಿಗಿಂತ ಮೇಲಿದೆಯಾ ಅಂತ ನೋಡೋದು.

ಚಳ್ಳಕೆರೆ_ಶೇಂಗಾ

ಎಚ್‌ಐವಿಯಿಂದ ಮೊದಲು ಗುಣವಾದ ಬರ್ಲಿನ್ ರೋಗಿ ಟಿಮತಿ ರೇ ಬ್ರೌನ್ ಅವರಿಗೂ ಆಂಟಿಬಾಡಿ ಇಳೀತು ಅಂತಾರಲ್ಲ, ಅದೂ ಇದೇನಾ?

ಕೋಟೆ_ಕೆಳಗೆ

ಅದು ಬೇರೆ. 2007ರಲ್ಲಿ ಅವರಿಗೆ ಲ್ಯುಕೇಮಿಯಾಗೆ ಅಂತ ಸಿಸಿಆರ್5 (ಸಿಡಿ4 ಜೊತೆ ವೈರಸ್ಸಿಗೆ ಬೇಕಾದ ಇನ್ನೊಂದು ಬಾಗಿಲು) ಇಲ್ಲದ ದಾನಿಯ ಸ್ಟೆಮ್ ಸೆಲ್ ಹಾಕಿದ್ದು. ವೈರಸ್ಸೇ ಹೋದ ಮೇಲೆ ಪ್ರಚೋದನೆ ಇಲ್ಲದೆ ವರ್ಷಗಳಲ್ಲಿ ಒಂದೊಂದೇ ಗೆರೆ ಮಸುಕಾಯ್ತು. ಅಲ್ಲೂ ಗುಣ ಅಂತ ನಿರ್ಧರಿಸಿದ್ದು ಆಂಟಿಬಾಡಿ ನೋಡಿ ಅಲ್ಲ, ಮಾತ್ರೆ ಇಲ್ಲದೆಯೂ ವೈರಸ್ ಸಿಗಲಿಲ್ಲ ಅನ್ನೋದ್ರಿಂದ.

ಹಿರಿಯೂರು_ಕೌನ್ಸೆಲರ್

ಮಕ್ಕಳ ವಿಷಯ ಯಾರೂ ಮುಟ್ಟಿಲ್ಲ. ತಾಯಿಯ ಐಜಿಜಿ ಮಗುವಿನಲ್ಲಿ 18 ತಿಂಗಳವರೆಗೂ ಇರಬಹುದು, ಹಾಗಾಗಿ ಅಷ್ಟರೊಳಗೆ ಆಂಟಿಬಾಡಿ ಪಾಸಿಟಿವ್ ಅಂದ್ರೆ ಮಗುವಿಗೆ ಸೋಂಕು ಅಂತಲ್ಲ, ತಾಯಿಗೆ ಇದೆ ಅಂತಷ್ಟೇ. ಆರನೇ ವಾರಕ್ಕೆ ಒಣಗಿಸಿದ ರಕ್ತದ ಹನಿಯಿಂದ ಪಿಸಿಆರ್, ಅದು ವೈರಸ್ಸಿನ ಜೀನನ್ನೇ ಹುಡುಕೋ ಟೆಸ್ಟ್. ಹಿಮ್ಮಡಿ ಬೆಚ್ಚಗೆ ಮಾಡಿ, ಮೊದಲ ಹನಿ ಒರೆಸಿ, ಆಮೇಲಿನದನ್ನ ಕಾರ್ಡಿನ ಒಂದೇ ಬದಿಯಿಂದ ವೃತ್ತ ತುಂಬುವ ಹಾಗೆ ಬಿಡಬೇಕು. ಒಣಗೋಕೆ ಕನಿಷ್ಠ 4 ಗಂಟೆ, ನೆರಳಲ್ಲಿ, ಮಲಗಿಸಿದ ಹಾಗೆ. ಬೇಗ ಒಣಗಲಿ ಅಂತ ಬಿಸಿಲಿಗೆ ಇಡಬೇಡಿ. ಆಮೇಲೆ ತೇವ ಹೀರುವ ಪುಟ್ಟ ಚೀಲದ ಜೊತೆ ಜಿಪ್ ಕವರಿಗೆ. ಪಾಸಿಟಿವ್ ಬಂದರೆ ಖಚಿತಪಡಿಸೋಕೆ ಇನ್ನೊಂದು ಕಾರ್ಡ್ ತೆಗೆಯಿರಿ, ಆದರೆ ಅದರ ಉತ್ತರ ಕಾಯ್ತಾ ಚಿಕಿತ್ಸೆ ತಡಮಾಡಬೇಡಿ.

ನನ್ನ ಸಂಶಯ: ಮೊದಲ ತಿಂಗಳುಗಳಲ್ಲೇ ಎಆರ್‌ಟಿ ಹಿಡಿದ ಮಗು 18 ತಿಂಗಳಿಗೆ ಆಂಟಿಬಾಡಿ ನೆಗೆಟಿವ್ ಬಂದರೆ?

ಮೈಕ್ರೋ_ಮೇಷ್ಟ್ರು

ಬಹಳ ಮುಖ್ಯವಾದ ಪ್ರಶ್ನೆ ಮೇಡಂ. ತಾಯಿಯಿಂದ ಬಂದದ್ದು ಕರಗಿರುತ್ತೆ. ವೈರಸ್ಸನ್ನ ಮೊದಲೇ ಅಮುಕಿದ್ದರಿಂದ ಮಗುವಿನ ಬಿ ಕೋಶಕ್ಕೆ ಸ್ವಂತ ಆಂಟಿಬಾಡಿ ಮಾಡುವಷ್ಟು ಪ್ರತಿಜನಕ ಸಿಕ್ಕಿರೋದಿಲ್ಲ. ಆದ್ದರಿಂದ ಸೋಂಕಿದ್ದೂ ನೆಗೆಟಿವ್ ಬರಬಹುದು. ಎರಡು ಪಿಸಿಆರ್ ಪಾಸಿಟಿವ್ ಇದ್ದರೆ ಈ ನೆಗೆಟಿವ್ ನೋಡಿ ಔಷಧ ನಿಲ್ಲಿಸಲೇಬಾರದು. ಪಿಸಿಆರ್ ರಿಪೋರ್ಟಿನ ಪ್ರತಿಯನ್ನ ಮಗುವಿನ ಚಿಕಿತ್ಸೆಯ ಪುಸ್ತಕದಲ್ಲೋ ಕಾರ್ಡಿನಲ್ಲೋ ಅಂಟಿಸೋ ಬದಲು ಎಆರ್‌ಟಿ ಕೇಂದ್ರದ ಕಡತದಲ್ಲೇ ಭದ್ರವಾಗಿಡಿ, ಗೌಪ್ಯತೆಗೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ರಕ್ಷಣೆ ಇದೆ.

ಸೋಂಕಿಲ್ಲದೆ ಹುಟ್ಟಿದ ಮಗುವಿಗೂ ಒಂದು ಕೊರತೆ ಇರುತ್ತೆ. ಜರಾಯುವಿನಲ್ಲಿ ಐಜಿಜಿ ದಾಟಿಸೋದೂ ಆ ಎಫ್‌ಸಿಆರ್‌ಎನ್ ಗ್ರಾಹಕವೇ. ತಾಯಿಯಲ್ಲಿ ಬೆರಕೆ ಐಜಿಜಿ ತುಂಬಿದ್ದರೆ ದಡಾರ, ಧನುರ್ವಾಯುವಿನ ಆಂಟಿಬಾಡಿ ಮಗುವಿಗೆ ಕಡಿಮೆ ದಾಟುತ್ತೆ. ಇಂಥ ಮಕ್ಕಳ ಲಸಿಕೆ ಒಂದು ವಾರವೂ ಹಿಂದೆ ಬೀಳಬಾರದು.

ಕೋಟೆ_ಕೆಳಗೆ

ದೊಡ್ಡವರ ಲಸಿಕೆಗೂ ಒಂದು ಮಾತು. ಹೆಪಟೈಟಿಸ್ ಬಿಗೆ ಮಾಮೂಲಿ 20 ಮೈಕ್ರೋಗ್ರಾಂ ಡೋಸಿಗೆ ಬಹಳ ಜನ ಸ್ಪಂದಿಸೋಲ್ಲ. 40 ಮೈಕ್ರೋಗ್ರಾಂ, 0, 1, 2, 6 ತಿಂಗಳಿಗೆ ಅಂತ ಹಲವು ಮಾರ್ಗಸೂಚಿ ಹೇಳ್ತವೆ. ಕೊನೆ ಡೋಸ್ ಆಗಿ ಒಂದರಿಂದ ಎರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ (ಈ ಲಸಿಕೆಯಿಂದ ಬಂದ ಆಂಟಿಬಾಡಿ) ಅಳೆಯಿರಿ, ಲೀಟರಿಗೆ 10 ಅಂತರರಾಷ್ಟ್ರೀಯ ಯೂನಿಟ್ ದಾಟಿರಬೇಕು. ದಾಟಿದ್ದೂ ಕೆಲ ವರ್ಷದಲ್ಲಿ ಇಳಿಯುತ್ತೆ, ಬಿತ್ತನೆ ಬೀಜದ ತೊಂದರೆ. ಸಿಡಿ4 ಎಣಿಕೆ 200ಕ್ಕಿಂತ ಕೆಳಗಿದ್ದಾಗ ದಡಾರ ತಡೆಯೋ ಎಂಎಂಆರ್‌ನಂಥ ಜೀವಂತ ಲಸಿಕೆ ಬೇಡ. ಮಕ್ಕಳಲ್ಲಿ ಎಆರ್‌ಟಿಯಿಂದ ಸಿಡಿ4 ಚೇತರಿಸಿದ ಮೇಲೆ ದಡಾರದ ಲಸಿಕೆ ಇನ್ನೊಂದು ಸಲ ಕೊಡಬೇಕು. ಮೊದಲು ಕೊಟ್ಟದ್ದರ ನೆನಪು ಅವರಲ್ಲಿ ಉಳಿದಿರೋ ಖಾತ್ರಿ ಇಲ್ಲ.

ಪಿಬಿ_ರೋಡ್_ಲ್ಯಾಬ್

ಆಂಟಿಬಾಡಿ ಮೇಲೆ ನಿಂತ ಬೇರೆ ರೋಗಪತ್ತೆನೂ ಇವರಲ್ಲಿ ಎಚ್ಚರದಿಂದ ಓದ್ರಿ. ಟಾಕ್ಸೊಪ್ಲಾಸ್ಮ ಅನ್ನೋ ಪರಾವಲಂಬಿ ಮಿದುಳಿನಾಗ ಮರುಕಳಿಸಿದಾಗ ಐಜಿಎಂ (ಹೊಸ ಸೋಂಕಿನಾಗ ಮೊದಲು ಬರೋ ಆಂಟಿಬಾಡಿ) ಸಾಮಾನ್ಯವಾಗಿ ಬರೋದಿಲ್ಲ. ಐಜಿಎಂ ನೆಗೆಟಿವ್ ಅಂತ ಬಿಟ್ಟರೆ ಕೆಟ್ಟಂಗೆ. ಟಿಬಿಗೆ ರಕ್ತದ ಆಂಟಿಬಾಡಿ ಟೆಸ್ಟನ್ನ 2012ರಲ್ಲೇ ಕೇಂದ್ರ ಸರ್ಕಾರ ನಿಷೇಧ ಮಾಡೈತಿ, ಈಗಲೂ ಯಾರಾದ್ರೂ ಬರೆದುಕೊಟ್ಟರೆ ಮಾಡಬ್ಯಾಡ್ರಿ.

ಚಳ್ಳಕೆರೆ_ಶೇಂಗಾ

ಕೊನೇದೊಂದು. ಮೊಳಕಾಲ್ಮೂರು ಕಡೆಯಿಂದ ಸಿಡಿ4 ಸ್ಯಾಂಪಲ್ ಜಿಲ್ಲಾ ಕೇಂದ್ರಕ್ಕೆ ಕಳಿಸುವಾಗ ಸೀರಂ ಡಬ್ಬದ ಜೊತೆ ಐಸಿನಲ್ಲೇ ಇಟ್ಟರೆ ತೊಂದರೆ ಐತಾ?

ಪಿಬಿ_ರೋಡ್_ಲ್ಯಾಬ್

ಐತಿ. ಸೀರಂ 2ರಿಂದ 8 ಡಿಗ್ರಿ, ಸರಿ. ಸಿಡಿ4ದು ಇಡೀ ರಕ್ತ, ಹೆಪ್ಪುಗಟ್ಟದಂಗೆ ಇಡಿಟಿಎ ಟ್ಯೂಬ್, ಕೋಶ ಜೀವಂತ ಇರಬೇಕು. ಐಸ್ ತಾಗಿದ್ರೆ ಕೋಶ ಹಾಳಾಗಿ ಎಣಿಕೆ ತಪ್ಪತತಿ. ಕೋಣೆಯ ಬಿಸಿ, 48 ತಾಸಿನೊಳಗೆ ಯಂತ್ರಕ್ಕೆ. ಬೇಸಿಗೆಯಾಗ ಮಧ್ಯಾಹ್ನದ ಬಸ್ಸಿನ ಡಿಕ್ಕಿಗೆ ಹಾಕಬ್ಯಾಡ್ರಿ, ಬೆಳಗಿನ ಗಾಡಿಗೆ ಕಳಿಸ್ರಿ, ಎರಡು ಡಬ್ಬ ಬೇರೆ ಬೇರೆ.

ಚಳ್ಳಕೆರೆ_ಶೇಂಗಾ

ಸರಿ ಕಣಣ್ಣ. ಎರಡು ಡಬ್ಬಕ್ಕೂ ದೊಡ್ಡದಾಗಿ ಚೀಟಿ ಅಂಟಿಸಾಕೆ ಹೇಳ್ತೀನಿ.